ವೈನ್ ಮಾಹಿತಿ ಮತ್ತು ವಿಮರ್ಶೆ: ಹುಡುಕುವ, ಓದುವ, ಬಳಸುವ ಕ್ರಮ

ವೈನ್‌ನಲ್ಲಿ ಆಸಕ್ತಿ ಹುಟ್ಟಿದವರಿಗೆ ಇಂದು ಮಾಹಿತಿಯ ಬರವಿಲ್ಲ. ಒಂದು ಬಾಟಲಿಯ ಹೆಸರನ್ನು ಹುಡುಕಿದರೆ ಸಾಕು, ತಯಾರಕರ ವಿವರಣೆ, ಮಾರಾಟಗಾರರ ಹೊಗಳಿಕೆ, ವಿಮರ್ಶಕರೊಬ್ಬರು ಕೊಟ್ಟ 92 ಅಂಕ, ಸಾವಿರಾರು ಬಳಕೆದಾರರು ಸೇರಿ ಕೊಟ್ಟ 3.9 ನಕ್ಷತ್ರ, ಯಾವುದೋ ಸ್ಪರ್ಧೆಯ ಬೆಳ್ಳಿ ಪದಕ ಎಲ್ಲವೂ ಒಟ್ಟಿಗೇ ಎದುರು ಬಂದು ನಿಲ್ಲುತ್ತವೆ. ಇವು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದಾಗ ಗೊಂದಲ ಉಂಟಾಗುತ್ತದೆ. ಒಂದು ವಿಮರ್ಶೆಯೆಂದರೆ ಒಬ್ಬ ವ್ಯಕ್ತಿ, ಒಂದು ದಿನ, ಒಂದು ಬಾಟಲಿಯಿಂದ ರುಚಿ ನೋಡಿ ಬರೆದುಕೊಟ್ಟ ಸಾಕ್ಷ್ಯ. ಸಾಕ್ಷ್ಯವನ್ನು ಹೇಗೆ ಪರಿಶೀಲಿಸಿ ಒಪ್ಪುತ್ತೇವೆಯೋ ಹಾಗೆಯೇ ವಿಮರ್ಶೆಯನ್ನೂ ಪರಿಶೀಲಿಸಿ ಒಪ್ಪಬೇಕು, ಮತ್ತು ಆ ಪರಿಶೀಲನೆಗೆ ನಮ್ಮ ನಾಲಿಗೆಗಿಂತ ಉತ್ತಮವಾದ ಸಾಧನ ಬೇರೆ ಇಲ್ಲ. ಮುಂದೆ ಹೇಳುವ ಕ್ರಮವೆಲ್ಲ ಈ ನಂಬಿಕೆಯ ಮೇಲೆ ನಿಂತಿದೆ.

ಮೊದಲು ಬಾಟಲಿಯ ಗುರುತು ಖಚಿತವಾಗಲಿ

ವಿಮರ್ಶೆ ಓದುವ ಮೊದಲು ಅದು ನಿಮ್ಮ ಕೈಯಲ್ಲಿರುವ ವೈನಿನದೇ ಹೌದೇ ಎಂದು ನೋಡಿಕೊಳ್ಳಬೇಕು. ಇದು ಹೇಳಲೂ ಬೇಕಿಲ್ಲದ ಮಾತಿನಂತೆ ಕಂಡರೂ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ. ತಯಾರಕರ ಹೆಸರು, ವೈನಿನ ಪೂರ್ಣ ಹೆಸರು, ಪ್ರದೇಶ ಅಥವಾ ತೋಟ, ಫಸಲಿನ ವರ್ಷ ಎಂಬ ನಾಲ್ಕೂ ಹೊಂದಿಕೆಯಾದರೆ ಮಾತ್ರ ವಿಮರ್ಶೆ ನಿಮ್ಮ ಬಾಟಲಿಗೆ ಅನ್ವಯಿಸುತ್ತದೆ. ಫ್ರಾನ್ಸಿನ ಬರ್ಗಂಡಿಯನ್ನೇ ನೋಡಿ. ಶಾಂಬರ್ತ್ಯಾನ್ ಎಂಬುದು ಅಲ್ಲಿನ 33 ಗ್ರಾಂ ಕ್ರೂ, ಅಂದರೆ ಅತ್ಯುನ್ನತ ದರ್ಜೆಯ, ತೋಟಗಳಲ್ಲಿ ಒಂದು. ಪಕ್ಕದ ಜೆವ್ರೆ ಎಂಬ ಊರು 1847ರಲ್ಲಿ ಆ ತೋಟದ ಕೀರ್ತಿಯನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಜೆವ್ರೆ-ಶಾಂಬರ್ತ್ಯಾನ್ ಆಯಿತು. ಆದ್ದರಿಂದ ಒಬ್ಬನೇ ತಯಾರಕನ ಪಟ್ಟಿಯಲ್ಲಿ ಶಾಂಬರ್ತ್ಯಾನ್ ಎಂದೂ ಜೆವ್ರೆ-ಶಾಂಬರ್ತ್ಯಾನ್ ಎಂದೂ ಎರಡು ವೈನ್‌ಗಳಿರಬಹುದು; ದರ್ಜೆ, ಬೆಲೆ, ಬಾಳಿಕೆ ಮೂರರಲ್ಲೂ ಅವುಗಳ ನಡುವೆ ಅಜಗಜಾಂತರವಿರುತ್ತದೆ. ಫ್ರಾನ್ಸಿನದೇ ಇನ್ನೊಂದು ವೈನ್ ಪ್ರದೇಶವಾದ ಬೋರ್ಡೊದಲ್ಲಿ ದೊಡ್ಡ ಶಾಟೊಗಳು (ಸ್ವಂತ ತೋಟವಿರುವ ವೈನ್ ತಯಾರಿಕಾ ಮನೆಗಳು) ತಮ್ಮ ಮುಖ್ಯ ವೈನಿನ ಜೊತೆಗೆ ಹೋಲುವ ಹೆಸರಿನ ಎರಡನೆಯ ವೈನನ್ನೂ ಮಾಡುತ್ತವೆ. ಮೊದಲನೆಯದರ ಅಂಕವನ್ನು ಎರಡನೆಯದರ ಪಕ್ಕದಲ್ಲಿ ತೋರಿಸಿದ ಮಾರಾಟ ಪುಟಗಳು ಕಣ್ಣಿಗೆ ಬೀಳುವುದು ಅಪರೂಪವೇನಲ್ಲ.

ಫಸಲಿನ ವರ್ಷದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 2018ರ ವೈನಿಗೆ ಬಂದ ಅಂಕ 2021ರ ವೈನಿಗೆ ಸಲ್ಲುವುದಿಲ್ಲ, ಏಕೆಂದರೆ ಬಿಸಿಲು, ಮಳೆ, ಹಿಮ ಪ್ರತಿ ವರ್ಷ ಬದಲಾದಂತೆ ದ್ರಾಕ್ಷಿಯ ಸಕ್ಕರೆಯೂ ಹುಳಿಯೂ ಬದಲಾಗುತ್ತವೆ. ವರ್ಷವನ್ನೇ ನಮೂದಿಸದ ಶಾಂಪೇನ್‌ಗಳಲ್ಲಿ ಈ ಸಮಸ್ಯೆ ಬೇರೆ ರೂಪದಲ್ಲಿ ಬರುತ್ತದೆ: ಹೆಸರು ಒಂದೇ ಆದರೂ ಪ್ರತಿ ವರ್ಷದ ಮಿಶ್ರಣ ಬೇರೆ. ಅಂಥ ಬಾಟಲಿಗಳಲ್ಲಿ ಹಿಂಬದಿಯ ಲೇಬಲ್ ನೋಡಿ, ಯೀಸ್ಟ್ ಗಸಿಯನ್ನು ಹೊರತೆಗೆದ ದಿನಾಂಕವಿದ್ದರೆ ಅದನ್ನೇ ವಿಮರ್ಶೆಯ ದಿನಾಂಕದೊಂದಿಗೆ ತಾಳೆ ನೋಡಬೇಕು. ಶಾಂಪೇನ್ ತಯಾರಿಸುವ ಕ್ರುಗ್ ಸಂಸ್ಥೆಯಂತೂ ಪ್ರತಿ ಬಾಟಲಿಗೂ ಗುರುತಿನ ಸಂಖ್ಯೆ ಮುದ್ರಿಸುತ್ತದೆ. ಅದನ್ನು ಅವರ ತಾಣದಲ್ಲಿ ನಮೂದಿಸಿದರೆ ಆ ಮಿಶ್ರಣದ ವಿವರವೆಲ್ಲ ಸಿಗುತ್ತದೆ.

ಲೇಬಲ್ ಓದುವಾಗ ನೆನಪಿಡಬೇಕಾದ ಕೆಲವು ಮಿತಿಗಳಿವೆ. ಐರೋಪ್ಯ ಒಕ್ಕೂಟದಲ್ಲಿ ಒಂದು ತಳಿಯ ಅಥವಾ ಒಂದು ವರ್ಷದ ಹೆಸರು ಹಾಕಲು ಕನಿಷ್ಠ ಶೇ 85ರಷ್ಟು ದ್ರಾಕ್ಷಿ ಅದರದ್ದಾಗಿದ್ದರೆ ಸಾಕು. ಅಮೆರಿಕದಲ್ಲಿ ತಳಿಯ ಹೆಸರಿಗೆ ಶೇ 75 ಸಾಕು. ಲೇಬಲ್ಲಿನ ಆಲ್ಕೋಹಾಲ್ ಪ್ರಮಾಣವೂ ಅಂದಾಜಿನದೇ. ಒಕ್ಕೂಟದಲ್ಲಿ ಸಾಮಾನ್ಯವಾಗಿ ಅರ್ಧ ಶೇಕಡಾಂಶದಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, ಅಮೆರಿಕದಲ್ಲಿ ಶೇ 14ರವರೆಗಿನ ವೈನಿಗೆ ಒಂದೂವರೆ ಶೇಕಡಾಂಶದವರೆಗೆ. ಹೀಗಾಗಿ 13.5 ಎಂದು ಬರೆದ ಬಾಟಲಿಯಲ್ಲಿ ವಿಮರ್ಶಕರೊಬ್ಬರು ಆಲ್ಕೋಹಾಲಿನ ಬಿಸಿಯನ್ನು ಗುರುತಿಸಿದ್ದರೆ ಅವರ ಮಾತನ್ನು ತಳ್ಳಿಹಾಕಬೇಕಿಲ್ಲ.

ಸಂಗತಿ ಎಲ್ಲಿ ಸಿಗುತ್ತದೆ

ಅಭಿಪ್ರಾಯಕ್ಕಿಂತ ಮೊದಲು ಸಂಗತಿಗಳನ್ನು ಕೂಡಿಹಾಕುವುದು ಒಳ್ಳೆಯದು, ಮತ್ತು ಅದಕ್ಕೆ ಅತ್ಯುತ್ತಮ ಮೂಲ ತಯಾರಕರೇ ಬಿಡುಗಡೆ ಮಾಡುವ ತಾಂತ್ರಿಕ ಹಾಳೆ. ಅವರ ಪುಟದ ವರ್ಣನೆಗಳನ್ನು ಬದಿಗಿಟ್ಟು ಈ ಹಾಳೆಯನ್ನು ಹುಡುಕಿ ತೆಗೆಯಿರಿ. ದ್ರಾಕ್ಷಿ ತಳಿಗಳ ಪ್ರಮಾಣ, ಕೊಯ್ಲಿನ ದಿನಾಂಕ, ಓಕ್ ಪೀಪಾಯಿಯಲ್ಲಿ ಇಟ್ಟ ತಿಂಗಳುಗಳು, ಅದರಲ್ಲಿ ಹೊಸ ಪೀಪಾಯಿಯ ಪಾಲು, ಲೀಟರಿಗೆ ಎಷ್ಟು ಗ್ರಾಂ ಹುಳಿ, ಎಷ್ಟು ಗ್ರಾಂ ಉಳಿಕೆ ಸಕ್ಕರೆ ಎಂಬುದೆಲ್ಲ ಅಲ್ಲಿರುತ್ತದೆ. ಸಕ್ಕರೆಯ ಅಂಕಿಯನ್ನು ಒಂಟಿಯಾಗಿ ಓದಬಾರದು. ಲೀಟರಿಗೆ ಎಂಟು ಗ್ರಾಂ ಸಕ್ಕರೆ ಇರುವ ರೀಸ್ಲಿಂಗ್ ತಳಿಯ ಬಿಳಿ ವೈನಿನಲ್ಲಿ ಹುಳಿಯೂ ಎಂಟು ಗ್ರಾಂ ಇದ್ದರೆ ಅದು ಬಾಯಿಗೆ ಸಿಹಿಯೆನಿಸದು. ಅಷ್ಟೇ ಸಕ್ಕರೆ ಹುಳಿ ಕಡಿಮೆಯಿರುವ ವೈನಿನಲ್ಲಿ ಎದ್ದು ಕಾಣುತ್ತದೆ. ಶಾಂಪೇನ್‌ನಲ್ಲಿ ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಡೆಮಿ-ಸೆಕ್ ಎಂದರೆ 32ರಿಂದ 50 ಗ್ರಾಂ. ಜರ್ಮನಿಯ ಲೇಬಲ್‌ಗಳ ಮೇಲಿನ ಕಾಬಿನೆಟ್, ಸ್ಪೇಟ್‌ಲೇಸೆ, ಔಸ್‌ಲೇಸೆ ಎಂಬ ದರ್ಜೆಗಳು ಕೊಯ್ಲಿನ ಹೊತ್ತಿಗೆ ದ್ರಾಕ್ಷಿ ಎಷ್ಟು ಮಾಗಿತ್ತು ಎಂಬುದನ್ನು ಹೇಳುತ್ತವೆಯೇ ಹೊರತು ಲೋಟದಲ್ಲಿ ಎಷ್ಟು ಸಿಹಿ ಇದೆ ಎಂಬುದನ್ನಲ್ಲ. ಜೊತೆಯಲ್ಲಿ ಟ್ರೊಕೆನ್ ಎಂಬ ಪದವಿದ್ದರೆ ವೈನ್ ಒಣ ರುಚಿಯದು, ಅಂದರೆ ಸಿಹಿಯೆನಿಸದ್ದು.

ಪ್ರದೇಶಗಳ ನಿಯಮಾವಳಿಯನ್ನು ಓದುವ ಅಭ್ಯಾಸವನ್ನೂ ಮಾಡಿಕೊಳ್ಳಬಹುದು. ವೈನನ್ನು ಅದು ಹುಟ್ಟಿದ ಪ್ರದೇಶದ ಹೆಸರಿನಿಂದ ಗುರುತಿಸುವ ಫ್ರಾನ್ಸಿನ ಮೂಲನಾಮ ವ್ಯವಸ್ಥೆ 1935ರಲ್ಲಿ ರೂಪುಗೊಂಡಿತು; ಅದನ್ನು ನೋಡಿಕೊಳ್ಳುವ ಐಎನ್‌ಎಒ ಸಂಸ್ಥೆ ಪ್ರತಿ ಪ್ರದೇಶಕ್ಕೂ ಯಾವ ತಳಿ ಬೆಳೆಯಬಹುದು, ಹೆಕ್ಟೇರಿಗೆ ಎಷ್ಟು ಇಳುವರಿ ತೆಗೆಯಬಹುದು ಎಂಬುದನ್ನು ಪ್ರಕಟಿಸುತ್ತದೆ. ಶಾಬ್ಲಿ ಎಂಬ ಹೆಸರಿನ ವೈನ್ ಪೂರ್ತಿಯಾಗಿ ಶಾರ್ಡನೆ ತಳಿಯ ದ್ರಾಕ್ಷಿಯಿಂದಲೇ ಆಗಿರುತ್ತದೆ ಎಂಬ ವಿಷಯ ಲೇಬಲ್ ಮೇಲೆ ಕಾಣಿಸದೆಯೂ ಇರಬಹುದು. ನಿಯಮಾವಳಿ ಓದಿದವರಿಗೆ ಅದು ಗೊತ್ತಿರುತ್ತದೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗಳಿಗೆ ಐರೋಪ್ಯ ಒಕ್ಕೂಟ ಘಟಕಾಂಶ ಮತ್ತು ಪೋಷಕಾಂಶಗಳ ವಿವರವನ್ನು ಕಡ್ಡಾಯಗೊಳಿಸಿದೆ. ಇದು ಬಹುತೇಕ ಬಾಟಲಿಗಳಲ್ಲಿ ಕ್ಯೂಆರ್ ಸಂಕೇತದ ಹಿಂದೆ ಇರುತ್ತದೆ, ಆದರೆ ಅದನ್ನು ತೆರೆದು ನೋಡುವವರು ಕಡಿಮೆ.

ಅಂಕಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ

ಇಂದು ಎಲ್ಲೆಡೆ ಕಾಣುವ 100 ಅಂಕಗಳ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್. 1978ರಲ್ಲಿ ಅವರು ಆರಂಭಿಸಿದ ಪತ್ರಿಕೆ ಮುಂದೆ ದಿ ವೈನ್ ಅಡ್ವೊಕೇಟ್ ಎಂದು ಹೆಸರಾಯಿತು; 1982ರ ಬೋರ್ಡೊ ಫಸಲನ್ನು ಅವರು ಎತ್ತಿ ಹಿಡಿದದ್ದು ಅವರ ಪ್ರಭಾವಕ್ಕೆ ಬುನಾದಿಯಾಯಿತು. ಈ ಪದ್ಧತಿಯಲ್ಲಿ ಪ್ರತಿ ವೈನಿಗೂ ಐವತ್ತು ಅಂಕ ಮೊದಲೇ ದಕ್ಕಿರುತ್ತದೆ. ಉಳಿದ ಐವತ್ತರಲ್ಲಿ ಬಣ್ಣಕ್ಕೆ 5, ಕಂಪಿಗೆ 15, ರುಚಿ ಮತ್ತು ಮುಕ್ತಾಯಕ್ಕೆ (ನುಂಗಿದ ಮೇಲೆ ಉಳಿಯುವ ರುಚಿ) 20, ಒಟ್ಟಾರೆ ಗುಣ ಮತ್ತು ಮುಂದೆ ಬೆಳೆಯುವ ಸಾಮರ್ಥ್ಯಕ್ಕೆ 10. ಆದ್ದರಿಂದ 80 ಎಂಬುದು ಪರೀಕ್ಷೆಯಲ್ಲಿ ಪಡೆದ 80ರಂತಲ್ಲ. ವಾಸ್ತವದಲ್ಲಿ ಪ್ರಕಟವಾಗುವ ಅಂಕಗಳು ಬಹುಪಾಲು 85ರಿಂದ 100ರ ನಡುವೆಯೇ ಓಡಾಡುತ್ತವೆ.

ಇದಕ್ಕೂ ಹಿಂದಿನದು 20 ಅಂಕಗಳ ಪದ್ಧತಿ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಮೇನಾರ್ಡ್ ಅಮೆರಿನ್ ಮತ್ತು ಅವರ ಸಹೋದ್ಯೋಗಿಗಳು 1959ರಲ್ಲಿ ರೂಪಿಸಿದ ಪಟ್ಟಿ ವೈನಿನ ದೋಷಗಳನ್ನು ಹಿಡಿಯಲು ಮಾಡಿದ್ದು. ಬ್ರಿಟನ್ನಿನ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ ಇಂದಿಗೂ 20ಕ್ಕೇ ಅಂಕ ಕೊಡುತ್ತಾರೆ. ಅವರ ಲೆಕ್ಕದಲ್ಲಿ 15 ಎಂದರೆ ಸಾಧಾರಣ, 17 ಎಂದರೆ ಶ್ರೇಷ್ಠ ದರ್ಜೆ, 12 ಎಂದರೆ ದೋಷಪೂರಿತ. ಅವರ 17ನ್ನು ಐದರಿಂದ ಗುಣಿಸಿ 85 ಎಂದು ಓದಿದರೆ ಒಳ್ಳೆಯ ವೈನೊಂದನ್ನು ಸಾಧಾರಣವೆಂದು ಕೈಬಿಟ್ಟಂತಾಗುತ್ತದೆ. ಪ್ರತಿ ವಿಮರ್ಶಕರೂ ತಮ್ಮ ಅಂಕಗಳ ಅರ್ಥವನ್ನು ಎಲ್ಲಾದರೂ ವಿವರಿಸಿರುತ್ತಾರೆ. ಅವರ ಮೊದಲ ವಿಮರ್ಶೆಯನ್ನು ಓದುವುದಕ್ಕೂ ಮುಂಚೆ ಆ ವಿವರಣೆಯನ್ನು ಓದಿಕೊಳ್ಳುವುದು ಉಚಿತ.

92–94 ಎಂದು ಎರಡು ಅಂಕಗಳ ನಡುವಿನ ವ್ಯಾಪ್ತಿಯನ್ನು ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ಪೀಪಾಯಿಯಿಂದ ತೆಗೆದ ಮಾದರಿಯ ವಿಮರ್ಶೆ. ಬೋರ್ಡೊದಲ್ಲಿ ಕೊಯ್ಲಿನ ಮರುವರ್ಷದ ವಸಂತದಲ್ಲೇ ಇಂಥ ಮಾದರಿಗಳನ್ನು ರುಚಿ ನೋಡಿ ಬರೆಯುತ್ತಾರೆ. ಆಗ ವೈನ್ ಇನ್ನೂ ಬಾಟಲಿ ಸೇರಿರುವುದಿಲ್ಲ, ಅಂತಿಮ ಮಿಶ್ರಣವೂ ಆಗಿರದಿರಬಹುದು. ಬಾಟಲಿಯ ನಂತರದ ವಿಮರ್ಶೆ ಲಭ್ಯವಿದ್ದಾಗ ಪೀಪಾಯಿಯ ಅಂಕವನ್ನು ಆಧಾರವಾಗಿ ಇಟ್ಟುಕೊಳ್ಳಲು ಕಾರಣವಿಲ್ಲ.

ಒಂದೇ ವೈನಿನ ಬಗ್ಗೆ ಪರಿಣತರು ಎಷ್ಟು ದೂರ ಸರಿಯಬಲ್ಲರು ಎಂಬುದಕ್ಕೆ ಬೋರ್ಡೊದ ಸೇಂತ್-ಎಮಿಲಿಯೊನ್‌ನ ಶಾಟೊ ಪಾವಿಯ 2003ರ ವೈನ್ ಪ್ರಸಿದ್ಧ ಉದಾಹರಣೆ. ಅದು ಯೂರೋಪಿನಲ್ಲಿ ಬಿಸಿಗಾಳಿ ಬೀಸಿದ ವರ್ಷ. ದ್ರಾಕ್ಷಿ ಅತಿಯಾಗಿ ಮಾಗಿತ್ತು. 2004ರಲ್ಲಿ ಪೀಪಾಯಿಯ ಮಾದರಿಯನ್ನು ನೋಡಿದ ಪಾರ್ಕರ್ ಅದನ್ನು ಅತ್ಯುನ್ನತ ಶ್ರೇಣಿಯಲ್ಲಿ ಇರಿಸಿದರು. ರಾಬಿನ್ಸನ್ 20ಕ್ಕೆ 12 ಕೊಟ್ಟರು. ಇಬ್ಬರೂ ಅನುಭವಿಗಳು, ಇಬ್ಬರೂ ಪ್ರಾಮಾಣಿಕರು. ಗಮನವಿಟ್ಟು ನೋಡಿದರೆ ಇಬ್ಬರೂ ಕಂಡದ್ದು ಒಂದನ್ನೇ: ದಟ್ಟವಾದ, ಹಣ್ಣು ತುಂಬಿದ, ತೂಕದ ವೈನ್. ಒಬ್ಬರಿಗೆ ಅದು ವೈಭವ, ಇನ್ನೊಬ್ಬರಿಗೆ ಬೋರ್ಡೊ ವೈನಿಗೆ ಒಪ್ಪದ ಅತಿರೇಕ. ಅಂಕವನ್ನಷ್ಟೇ ನೋಡಿದವರಿಗೆ ಇಲ್ಲಿ ಜಗಳ ಮಾತ್ರ ಕಾಣುತ್ತದೆ. ವಿವರಣೆ ಓದಿದವರಿಗೆ ಆ ವೈನ್ ತಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಚೆನ್ನಾಗಿಯೇ ತಿಳಿಯುತ್ತದೆ.

ಅಂಕಗಳ ನಿಖರತೆಯ ಬಗ್ಗೆ ಅಧ್ಯಯನಗಳೂ ನಡೆದಿವೆ. ಕ್ಯಾಲಿಫೋರ್ನಿಯದ ರಾಬರ್ಟ್ ಹಾಜ್‌ಸನ್ ಅಲ್ಲಿನ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಅವರಿಗೆ ತಿಳಿಯದಂತೆ ಮೂರು ಬಾರಿ ಕೊಡಿಸಿದರು. 2008ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಮೂರು ಬಾರಿಯೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಡಲು ಸಾಧ್ಯವಾದದ್ದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಬೋರ್ಡೊದಲ್ಲಿ 2001ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಇವನ್ನು ಮುಂದಿಟ್ಟುಕೊಂಡು ವಿಮರ್ಶೆಯೆಲ್ಲ ಸುಳ್ಳು ಎನ್ನುವವರಿದ್ದಾರೆ. ನನಗೆ ಅದು ದುಡುಕಿನ ಮಾತಾಗಿ ಕಾಣುತ್ತದೆ. ಕಣ್ಣು ಮತ್ತು ನಿರೀಕ್ಷೆ ಮೂಗನ್ನು ಎಳೆದೊಯ್ಯುತ್ತವೆ, ಮತ್ತು ಒಂದೆರಡು ಅಂಕಗಳ ವ್ಯತ್ಯಾಸಕ್ಕೆ ಬೆಲೆ ಕೊಡಬಾರದು ಎಂಬುದಷ್ಟೇ ಇವುಗಳಿಂದ ಖಚಿತವಾಗುತ್ತದೆ. 91ಕ್ಕೂ 93ಕ್ಕೂ ನಡುವೆ ಆಯ್ಕೆ ಮಾಡಬೇಕಾದಾಗ ಅಂಕವನ್ನು ಮರೆತು ವರ್ಣನೆಯ ಮೇಲೆ ತೀರ್ಮಾನಿಸಿ.

ವರ್ಣನೆಯನ್ನು ಬಿಡಿಸಿ ಓದುವುದು

ವಿಮರ್ಶೆಯ ನಿಜವಾದ ಸತ್ವ ಇರುವುದು ಪದಗಳಲ್ಲಿ, ಆದರೆ ಎಲ್ಲ ಪದಗಳೂ ಸಮಾನವಲ್ಲ. ಓದುವಾಗ ಅವನ್ನು ಎರಡು ಗುಂಪಾಗಿ ವಿಂಗಡಿಸಿಕೊಳ್ಳಿ. ಹುಳಿ, ಸಿಹಿ, ಟ್ಯಾನಿನ್ ಕೊಡುವ ಒಗರು, ಆಲ್ಕೋಹಾಲಿನ ಬಿಸಿ, ಮೈಕಟ್ಟು (ಬಾಯಲ್ಲಿ ಅನಿಸುವ ತೂಕ), ನುಂಗಿದ ಮೇಲೆ ಉಳಿಯುವ ರುಚಿಯ ದೀರ್ಘತೆ ಇವು ವೈನಿನ ರಚನೆಗೆ ಸಂಬಂಧಿಸಿದವು. ಇವುಗಳ ಬಗ್ಗೆ ಅನುಭವಿಗಳ ನಡುವೆ ಸಾಕಷ್ಟು ಒಮ್ಮತವಿರುತ್ತದೆ. ಹಣ್ಣು, ಹೂವು, ಮಸಾಲೆ, ಹೊಗೆ, ಚರ್ಮ, ಮಣ್ಣು ಇವು ಕಂಪಿನ ಪದಗಳು. ಇಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಹೊಂದದು. ಒಂದು ವೈನ್ ನಿಮಗೆ ಇಷ್ಟವಾಗುತ್ತದೆಯೇ ಎಂಬುದನ್ನು ಮೊದಲ ಗುಂಪು ಎರಡನೆಯದಕ್ಕಿಂತ ಹೆಚ್ಚು ನಂಬಿಕೆಯಿಂದ ಹೇಳುತ್ತದೆ. ಹರಿತವಾದ ಹುಳಿ ನಿಮಗೆ ಸೇರದಿದ್ದರೆ, ಹಣ್ಣಿನ ಪಟ್ಟಿ ಎಷ್ಟೇ ಮೋಹಕವಾಗಿದ್ದರೂ ಆ ಬಾಟಲಿ ನಿಮ್ಮದಲ್ಲ.

ಕಂಪಿನ ಪದಗಳನ್ನು ಕವಿತೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಅವುಗಳಲ್ಲಿ ಹಲವಕ್ಕೆ ಖಚಿತವಾದ ಕಾರಣಗಳಿವೆ, ಮತ್ತು ಕಾರಣ ತಿಳಿದವರಿಗೆ ಪದವೇ ಮಾಹಿತಿಯಾಗುತ್ತದೆ. ಬೆಣ್ಣೆಯ ಕಂಪು ಎಂದರೆ ವೈನಿನ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸಿವೆ, ಆ ದಾರಿಯಲ್ಲಿ ಡೈಅಸಿಟೈಲ್ ಎಂಬ ಸಂಯುಕ್ತ ಉಂಟಾಗಿದೆ ಎಂಬ ಸೂಚನೆ. ಅಂದರೆ ಹುಳಿಯೂ ಕೊಂಚ ತಗ್ಗಿರುತ್ತದೆ. ವೆನಿಲ್ಲಾ, ಸುಟ್ಟ ಬ್ರೆಡ್, ತೆಂಗಿನ ಕಂಪು ಎಂದರೆ ಓಕ್ ಪೀಪಾಯಿಯ ಪ್ರಭಾವ, ಅದರಲ್ಲೂ ಹೊಸ ಪೀಪಾಯಿಯದು. ಹಸಿರು ದಪ್ಪ ಮೆಣಸಿನಕಾಯಿಯ ವಾಸನೆ ಕ್ಯಾಬರ್ನೆ ಸೊವಿನ್ಯೊನ್ ಮತ್ತು ಸೊವಿನ್ಯೊನ್ ಬ್ಲಾಂಕ್ ತಳಿಗಳಲ್ಲಿರುವ ಪೈರಜೀನ್‌ಗಳಿಂದ ಬರುತ್ತದೆ. ದ್ರಾಕ್ಷಿ ಮಾಗಿದಂತೆ ಅದು ಕಡಿಮೆಯಾಗುವುದರಿಂದ, ಆ ಪದವಿದ್ದರೆ ತಂಪು ಹವೆಯನ್ನೋ ಬೇಗ ಮುಗಿದ ಕೊಯ್ಲನ್ನೋ ಊಹಿಸಬಹುದು. ಸಿರಾ ತಳಿಯ ವೈನಿನ ಕರಿಮೆಣಸಿನ ಘಾಟಿಗೆ ಕಾರಣ ರೋಟಂಡೋನ್ ಎಂಬ ಸಂಯುಕ್ತ. ಆಸ್ಟ್ರೇಲಿಯಾದ ಸಂಶೋಧಕರು ಕಂಡುಕೊಂಡಂತೆ ನಿಜವಾದ ಕರಿಮೆಣಸಿನಲ್ಲಿರುವುದೂ ಅದೇ ಸಂಯುಕ್ತ. ಹಳೆಯ ರೀಸ್ಲಿಂಗ್‌ನ ಪೆಟ್ರೋಲಿನಂಥ ವಾಸನೆಯನ್ನು ಕೆಲವರು ಅರಸಿ ಹೋಗುತ್ತಾರೆ, ಕೆಲವರು ದೂರವಿಡುತ್ತಾರೆ. ವಿಮರ್ಶೆಯಲ್ಲಿ ಅದು ಬೈಗುಳವಲ್ಲ.

ದೋಷ ಸೂಚಿಸುವ ಪದಗಳನ್ನು ಪ್ರತ್ಯೇಕವಾಗಿ ಗುರುತಿಟ್ಟುಕೊಳ್ಳಬೇಕು. ಒದ್ದೆಯಾದ ರಟ್ಟು ಅಥವಾ ಬೂಷ್ಟು ಹಿಡಿದ ನೆಲಮಾಳಿಗೆಯ ವಾಸನೆ ಎಂದರೆ ಕಾರ್ಕಿನಿಂದ ಬಂದ ಟಿಸಿಎ ಎಂಬ ಸಂಯುಕ್ತ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗು ಅದನ್ನು ಹಿಡಿಯುತ್ತದೆ. ಕುದುರೆ ಲಾಯ, ಗಾಯದ ಪಟ್ಟಿ ಎಂಬ ಹೋಲಿಕೆಗಳು ಬ್ರೆಟನೋಮೈಸಿಸ್ ಎಂಬ ಯೀಸ್ಟನ್ನು ಸೂಚಿಸುತ್ತವೆ. ಮೊದಲನೆಯದು ಆ ಒಂದು ಬಾಟಲಿಯ ದುರದೃಷ್ಟವಾಗಿರಬಹುದು, ಎರಡನೆಯದು ಬಹುಮಟ್ಟಿಗೆ ಇಡೀ ತಯಾರಿಕೆಗೆ ಸಂಬಂಧಿಸಿದ್ದು.

ಶಾರ್ಡನೆ ವೈನೊಂದರ ಮಾದರಿ ಟಿಪ್ಪಣಿಯನ್ನು ತೆಗೆದುಕೊಂಡು ನೋಡೋಣ. ಇದನ್ನು ಇಲ್ಲಿಗಾಗಿಯೇ ರಚಿಸಿದ್ದೇನೆ. "ತಿಳಿ ಹೊಂಬಣ್ಣ. ನಿಂಬೆ, ಹಸಿರು ಸೇಬು, ಒದ್ದೆ ಕಲ್ಲು. ಹಿಂದೆ ಬೆಣ್ಣೆಯ ಸಣ್ಣ ಸುಳಿವು. ಹರಿತವಾದ ಹುಳಿ, ಮಧ್ಯಮ ಮೈಕಟ್ಟು, ಉಪ್ಪಿನ ಛಾಯೆಯ ದೀರ್ಘ ಮುಕ್ತಾಯ. ಈಗ ಬಿಗಿಯಾಗಿದೆ." ಹೊಂಬಣ್ಣ ತಿಳಿಯಾಗಿರುವುದರಿಂದ ವೈನ್ ಎಳೆಯದು, ಪೀಪಾಯಿಯ ಪ್ರಭಾವ ಕಡಿಮೆ. ನಿಂಬೆ ಮತ್ತು ಹಸಿರು ಸೇಬು ಎಂದರೆ ತಂಪು ಪ್ರದೇಶ. ಬಿಸಿ ಪ್ರದೇಶದ ಶಾರ್ಡನೆಯಾಗಿದ್ದರೆ ಅನಾನಸ್, ಮಾವು ಎಂಬ ಪದಗಳು ಬರುತ್ತಿದ್ದವು. ಬೆಣ್ಣೆಯ ಸುಳಿವಿದ್ದೂ ಹುಳಿ ಹರಿತವಾಗಿದೆ ಎಂದರೆ ಮೂಲದ ಹುಳಿ ಬಹಳ ಹೆಚ್ಚಿತ್ತು. ವೆನಿಲ್ಲಾದ ಮಾತಿಲ್ಲದ್ದರಿಂದ ಹೊಸ ಓಕ್ ಇಲ್ಲವೆಂದು ತಿಳಿಯಬಹುದು. "ಈಗ ಬಿಗಿಯಾಗಿದೆ", ಅಂದರೆ ಕಂಪು ಮತ್ತು ರುಚಿ ಇನ್ನೂ ತೆರೆದುಕೊಂಡಿಲ್ಲ ಎಂಬ ಕೊನೆಯ ಮಾತು ಎಲ್ಲಕ್ಕಿಂತ ಉಪಯುಕ್ತ: ಇಂದೇ ತೆರೆಯಬೇಕೆಂದಿದ್ದರೆ ಈ ಬಾಟಲಿ ಬೇಡ, ಅಥವಾ ತೆರೆದು ಒಂದಷ್ಟು ಹೊತ್ತು ಗಾಳಿಯಾಡಲು ಬಿಡಿ. ಹೀಗೆ ಓದುವ ಅಭ್ಯಾಸವಾದರೆ, ಅಂಕವೇ ಇಲ್ಲದ ಎರಡು ಸಾಲಿನ ಟಿಪ್ಪಣಿಯೂ ಒಂದು ಪುಟದಷ್ಟು ವಿಷಯ ಹೇಳುತ್ತದೆ.

ಪದಗಳ ಪರಿಚಯ ಬೆಳೆಸಿಕೊಳ್ಳಲು ಡೇವಿಸ್‌ನ ಆ್ಯನ್ ನೋಬಲ್ 1984ರಲ್ಲಿ ಪ್ರಕಟಿಸಿದ ಕಂಪಿನ ಚಕ್ರ ಇಂದಿಗೂ ಒಳ್ಳೆಯ ಸಾಧನ. ಅದರ ನಡುವೆ ಹಣ್ಣು, ಹೂವು, ಮಸಾಲೆ ಎಂಬ ವಿಶಾಲ ವರ್ಗಗಳಿವೆ, ಹೊರಕ್ಕೆ ಹೋದಂತೆ ಪದಗಳು ನಿರ್ದಿಷ್ಟವಾಗುತ್ತವೆ. ಚೆನ್ನಾಗಿದೆ, ಸೊಗಸಾಗಿದೆ ಎಂಬಂಥ ಮೆಚ್ಚುಗೆಯ ಮಾತುಗಳನ್ನು ಅದರಲ್ಲಿ ಬೇಕೆಂದೇ ಸೇರಿಸಿಲ್ಲ. ಲಂಡನ್ನಿನಲ್ಲಿ 1969ರಲ್ಲಿ ಸ್ಥಾಪನೆಯಾದ ಡಬ್ಲ್ಯುಎಸ್ಇಟಿ ಎಂಬ ವೈನ್ ಶಿಕ್ಷಣ ಸಂಸ್ಥೆಯ ರುಚಿ ನೋಡುವ ಕ್ರಮಪಟ್ಟಿಯೂ ರಚನೆಯ ಅಂಶಗಳನ್ನು ಒಂದೊಂದಾಗಿ ಅಳೆಯಲು ಕಲಿಸುತ್ತದೆ.

ನಿಮಗೆ ಹೊಂದುವ ವಿಮರ್ಶಕರನ್ನು ಕಂಡುಕೊಳ್ಳುವುದು

ಹತ್ತು ವಿಮರ್ಶಕರನ್ನು ಮೇಲಿಂದ ಮೇಲೆ ಓದುವುದಕ್ಕಿಂತ ಇಬ್ಬರನ್ನು ಆಳವಾಗಿ ಓದುವುದು ಲೇಸು. ಅವರನ್ನು ಆರಿಸಲು ಒಂದು ಸರಳ ವಿಧಾನವಿದೆ. ನೀವು ಚೆನ್ನಾಗಿ ಬಲ್ಲ, ಮೆಚ್ಚಿದ ಎರಡು ಮೂರು ವೈನ್‌ಗಳನ್ನೂ, ಹೆಸರಿದ್ದರೂ ನಿಮಗೆ ಸೇರದ ಒಂದು ವೈನನ್ನೂ ತೆಗೆದುಕೊಳ್ಳಿ. ಅದೇ ವರ್ಷದ ಅದೇ ವೈನ್‌ಗಳ ಬಗ್ಗೆ ಬೇರೆ ಬೇರೆಯವರು ಏನು ಬರೆದಿದ್ದಾರೆಂದು ಹುಡುಕಿ. ಯಾರ ವರ್ಣನೆಯಲ್ಲಿ ನಿಮ್ಮ ಲೋಟದ ವೈನ್ ಗುರುತು ಸಿಗುತ್ತದೆಯೋ ಅವರೇ ನಿಮಗೆ ಉಪಯುಕ್ತರು. ಅಂಕ ಹೊಂದದಿದ್ದರೂ ಚಿಂತೆಯಿಲ್ಲ. ನಿಮ್ಮ ರುಚಿಗೆ ಸದಾ ವಿರುದ್ಧವಾಗಿರುವ, ಆದರೆ ತಮ್ಮ ನಿಲುವಿನಲ್ಲಿ ಸ್ಥಿರವಾಗಿರುವ ವಿಮರ್ಶಕರೂ ನಂಬಲರ್ಹರೇ, ಏಕೆಂದರೆ ಅವರು ತೂಕದ್ದೆಂದು ಕೊಂಡಾಡಿದ ವೈನನ್ನು ನೀವು ಧೈರ್ಯವಾಗಿ ಬಿಡಬಹುದು. ಒಮ್ಮೆ ಹಾಗೆ ಒಮ್ಮೆ ಹೀಗೆ ಬರೆಯುವವರಿಂದ ಮಾತ್ರ ಏನನ್ನೂ ಪಡೆಯಲಾಗದು.

ವೈನ್ ಅಡ್ವೊಕೇಟ್, ಡಿಕ್ಯಾಂಟರ್, ವೈನ್ ಸ್ಪೆಕ್ಟೇಟರ್‌ನಂಥ ಪತ್ರಿಕೆಗಳಲ್ಲಿ ಹಲವು ವಿಮರ್ಶಕರು ಪ್ರದೇಶಗಳನ್ನು ಹಂಚಿಕೊಂಡು ಬರೆಯುತ್ತಾರೆ. ಮಾರಾಟ ಪುಟಗಳಲ್ಲಿ ಪತ್ರಿಕೆಯ ಹೆಸರಷ್ಟೇ ಇರುತ್ತದೆ. ಬರೆದ ವ್ಯಕ್ತಿ ಯಾರೆಂದು ಕೇಳಿ ತಿಳಿಯುವುದು ನಿಮ್ಮ ಕೆಲಸ. ಪಾರ್ಕರ್ 2019ರಲ್ಲೇ ನಿವೃತ್ತರಾದರು, ಅದೇ ವರ್ಷ ಪತ್ರಿಕೆ ಪೂರ್ತಿಯಾಗಿ ಮಿಷಲಿನ್ ಸಂಸ್ಥೆಯ ಒಡೆತನಕ್ಕೆ ಬಂತು. ಆದರೂ ಪಾರ್ಕರ್ ಅಂಕ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ವೈನನ್ನು ಲೇಬಲ್ ಮುಚ್ಚಿ ರುಚಿ ನೋಡಿದರೋ ತಯಾರಕರ ಮನೆಯಲ್ಲಿ ಕುಳಿತು ನೋಡಿದರೋ, ಬಾಟಲಿ ಕೊಂಡದ್ದೋ ಕಳುಹಿಸಿಕೊಟ್ಟದ್ದೋ ಎಂಬುದನ್ನು ತಿಳಿಸುವವರ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಮುಚ್ಚಿ ನೋಡುವುದೇ ಯಾವಾಗಲೂ ಶ್ರೇಷ್ಠವೆಂದು ಹೇಳಲಾರೆ. ಎಳೆಯ, ಇನ್ನೂ ಬಿಗಿಯಾಗಿರುವ ವೈನೊಂದರ ಹಿಂದಿನ ಇತಿಹಾಸ ಗೊತ್ತಿದ್ದರೆ ಅದರ ಮುಂದಿನ ದಾರಿಯನ್ನು ಊಹಿಸುವುದು ಸುಲಭ. ಆದರೆ ಯಾವ ಕ್ರಮದಲ್ಲಿ ನೋಡಿದರೆಂಬುದು ಓದುಗರಿಗೆ ಗೊತ್ತಿರಬೇಕು.

ಬಳಕೆದಾರರ ಅಂಕ, ಪದಕ, ಬೆಲೆ

2010ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ವಿವಿನೋ ಎಂಬ ಆ್ಯಪ್ ಲೇಬಲ್ಲಿನ ಚಿತ್ರ ತೆಗೆದ ಕೂಡಲೇ ಐದು ನಕ್ಷತ್ರಗಳ ಲೆಕ್ಕದ ಸರಾಸರಿಯನ್ನು ತೋರಿಸುತ್ತದೆ. ಬೇಗ ಸಿಗುವ ಈ ಸಂಖ್ಯೆಯನ್ನು ಎರಡು ಎಚ್ಚರಿಕೆಗಳೊಡನೆ ಬಳಸಬೇಕು. ಆ್ಯಪ್ ಗುರುತಿಸಿದ ವೈನ್ ಮತ್ತು ವರ್ಷ ಸರಿಯೇ ಎಂದು ನೋಡಬೇಕು. ಹಲವು ಸಲ ಕಾಣುವುದು ಎಲ್ಲ ವರ್ಷಗಳ ಒಟ್ಟು ಸರಾಸರಿ. ಮತ್ತು ಬಹಳಷ್ಟು ವೈನ್‌ಗಳು ಮೂರೂವರೆಯಿಂದ ನಾಲ್ಕರ ಆಸುಪಾಸಿನಲ್ಲೇ ಗುಂಪುಗೂಡುವುದರಿಂದ ಇಲ್ಲಿ ಸಣ್ಣ ಅಂತರಕ್ಕೂ ಅರ್ಥವಿದೆ. ಸರಾಸರಿ ಒಲಿಯುವುದು ಮೃದುವಾದ, ಹಣ್ಣು ತುಂಬಿದ, ತುಸು ಸಿಹಿಯ ವೈನ್‌ಗಳಿಗೆ. ಹುಳಿ ಅಥವಾ ಒಗರು ಹೆಚ್ಚಿರುವ ಒಳ್ಳೆಯ ವೈನ್‌ಗಳು ಅಲ್ಲಿ ಹಿಂದೆ ಬೀಳುವುದು ಸಹಜ.

2004ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಸೆಲ್ಲರ್‌ಟ್ರ್ಯಾಕರ್ ಎಂಬ ತಾಣದ ಸ್ವಭಾವ ಬೇರೆ. ತಮ್ಮ ಸಂಗ್ರಹದ ಲೆಕ್ಕವಿಡುವವರು ಬಾಟಲಿ ತೆರೆದಾಗಲೆಲ್ಲ ಅಲ್ಲಿ ಟಿಪ್ಪಣಿ ಬರೆಯುತ್ತಾರೆ. ವಿಮರ್ಶಕರು ಸಾಮಾನ್ಯವಾಗಿ ವೈನ್ ಬಿಡುಗಡೆಯಾದಾಗ ಒಮ್ಮೆ ಬರೆದು ಮುಂದೆ ಹೋಗುತ್ತಾರೆ. ಇಲ್ಲಿ ಅದೇ ವೈನ್ ಐದನೆಯ, ಹತ್ತನೆಯ ವರ್ಷದಲ್ಲಿ ಹೇಗಿತ್ತೆಂಬ ದಾಖಲೆ ಸಿಗುತ್ತದೆ. ನಿಮ್ಮ ಬಳಿ ಹಳೆಯ ಬಾಟಲಿಯಿದ್ದರೆ, ಎಲ್ಲ ಟಿಪ್ಪಣಿಗಳ ಸರಾಸರಿಯನ್ನು ನೋಡದೆ ಕಳೆದ ಒಂದೆರಡು ವರ್ಷದವನ್ನು ಮಾತ್ರ ಓದಿ. "ಹಣ್ಣು ಮಾಸುತ್ತಿದೆ", "ಬೇಗ ಕುಡಿದುಬಿಡಿ" ಎಂಬ ಮಾತು ಮೂವರಲ್ಲಿ ಕಂಡರೆ ಕಾಯುವುದರಲ್ಲಿ ಅರ್ಥವಿಲ್ಲ. ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟ ಟಿಪ್ಪಣಿಗಳನ್ನೂ ಬಿಡಬೇಡಿ. ಕಾರ್ಕಿನ ದೋಷವೋ ಸಾಗಣೆಯ ಬಿಸಿಯೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಪದಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಘಟನೆಯ ನಿಯಮದಡಿ ನಡೆಯುವ ಸ್ಪರ್ಧೆಗಳಲ್ಲಿ ಭಾಗವಹಿಸಿದ ವೈನ್‌ಗಳ ಶೇ 30ಕ್ಕಿಂತ ಹೆಚ್ಚಿಗೆ ಪದಕ ಕೊಡುವಂತಿಲ್ಲ. ಬೇರೆ ಸ್ಪರ್ಧೆಗಳಿಗೆ ಆ ಮಿತಿಯಿಲ್ಲ. ಶುಲ್ಕ ಕಟ್ಟಿ ಕಳುಹಿಸಿದ ವೈನ್‌ಗಳಷ್ಟೇ ಸ್ಪರ್ಧೆಯಲ್ಲಿರುತ್ತವೆ ಎಂಬುದನ್ನು ಮರೆಯಬಾರದು.

ಬೆಲೆಯನ್ನು ಹೋಲಿಸಲು 1999ರಿಂದ ನಡೆಯುತ್ತಿರುವ ವೈನ್-ಸರ್ಚರ್ ತಾಣ ಅನುಕೂಲಕರ, ಆದರೆ ಬೆಲೆಯನ್ನು ಗುಣದ ಅಳತೆಯಾಗಿ ತೆಗೆದುಕೊಳ್ಳುವುದು ಅಪಾಯಕರ. 2008ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದನ್ನು ಎರಡು ಬದಿಯಿಂದ ತೋರಿಸಿದವು. ಆರು ಸಾವಿರಕ್ಕೂ ಹೆಚ್ಚು ಬಾರಿ ಬೆಲೆ ಮುಚ್ಚಿಟ್ಟು ರುಚಿ ನೋಡಿಸಿದಾಗ, ತರಬೇತಿಯಿಲ್ಲದವರು ದುಬಾರಿ ವೈನನ್ನು ಹೆಚ್ಚು ಮೆಚ್ಚಲಿಲ್ಲ. ಇನ್ನೊಂದರಲ್ಲಿ ಒಂದೇ ವೈನಿಗೆ 10 ಡಾಲರ್, 90 ಡಾಲರ್ ಎಂದು ಬೇರೆ ಬೇರೆ ಬೆಲೆ ಹೇಳಿದಾಗ ಹೆಚ್ಚು ಬೆಲೆಯ ಲೋಟವೇ ಹಿತವೆನಿಸಿತು, ಮೆದುಳಿನ ಚಿತ್ರಣದಲ್ಲೂ ಆ ಹಿತ ಕಾಣಿಸಿತು.

ನಿಮ್ಮದೇ ದಾಖಲೆ

ನಿರೀಕ್ಷೆ ಹೀಗೆ ರುಚಿಯನ್ನೇ ಬದಲಿಸುವುದರಿಂದ ಮೊದಲು ರುಚಿ ನೋಡಿ ಬರೆದು, ಆಮೇಲೆ ಇತರರ ವಿಮರ್ಶೆ ಓದುವ ಕ್ರಮವನ್ನು ಒತ್ತಿ ಹೇಳುತ್ತೇನೆ. ಮೊದಲೇ ಓದಿಬಿಟ್ಟರೆ ಅವರು ಹೇಳಿದ ಚೆರ್ರಿ ಹಣ್ಣೇ ನಿಮ್ಮ ಮೂಗಿಗೂ ಬಂದುಬಿಡುತ್ತದೆ. ಹಲವು ವೈನ್‌ಗಳನ್ನು ಒಟ್ಟಿಗೆ ಹೋಲಿಸುವಾಗ ವೃತ್ತಿಪರರಂತೆ ರುಚಿ ನೋಡಿ ಉಗುಳಿ. ಒಂದಿಷ್ಟು ಕುಡಿದ ಮೇಲೆ ಬರೆದ ಟಿಪ್ಪಣಿಗಳು ಯಾರಿಗೂ ಪ್ರಯೋಜನಕ್ಕೆ ಬಾರವು. ನಾಲ್ಕೈದು ಸಾಲು ಸಾಕು: ಹುಳಿ, ಒಗರು, ಸಿಹಿ, ಮೈಕಟ್ಟು, ಮುಕ್ತಾಯ ಇವುಗಳಿಗೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಗುರುತು, ನಿಮಗೆ ತೋಚಿದ ಎರಡು ಮೂರು ಕಂಪುಗಳು, ಇನ್ನೊಮ್ಮೆ ಕೊಳ್ಳುವೆನೇ ಎಂಬುದಕ್ಕೆ ಹೌದು ಅಥವಾ ಇಲ್ಲ. ಆಮೇಲೆ ವಿಮರ್ಶೆ ತೆರೆದು ಎಲ್ಲಿ ಒಪ್ಪಿಗೆ, ಎಲ್ಲಿ ಭಿನ್ನತೆ ಎಂಬುದನ್ನು ಅದೇ ಪುಟದ ಅಂಚಿನಲ್ಲಿ ಬರೆದಿಡಿ. ಇಂಥ ಪುಟಗಳು ಕೂಡಿದಂತೆ ಯಾವ ವಿಮರ್ಶಕರ "ಮಧ್ಯಮ ಹುಳಿ" ನಿಮಗೆ "ಹೆಚ್ಚು" ಎನಿಸುತ್ತದೆ ಎಂಬಂಥ ತಿದ್ದುಪಡಿಗಳು ತಾವಾಗಿ ಸ್ಪಷ್ಟವಾಗುತ್ತವೆ, ಮತ್ತು ಮುಂದೆ ಅವರ ಯಾವ ಟಿಪ್ಪಣಿಯನ್ನು ಓದುವಾಗಲೂ ಆ ತಿದ್ದುಪಡಿ ಸೇರಿಸಿಕೊಂಡೇ ಓದಬಹುದು.

ಬರೆದದ್ದನ್ನು ಇತರರಿಗೂ ಕಾಣುವಂತೆ ಹಾಕುವುದಾದರೆ ರುಚಿ ನೋಡಿದ ದಿನಾಂಕ, ಬಾಟಲಿ ತೆರೆದು ಎಷ್ಟು ಹೊತ್ತಾಗಿತ್ತು, ವೈನ್ ಎಷ್ಟು ತಣ್ಣಗಿತ್ತು, ಬಾಟಲಿಯನ್ನು ಅಲ್ಲಿಯವರೆಗೆ ಹೇಗೆ ಇರಿಸಲಾಗಿತ್ತು ಎಂಬುದನ್ನೂ ಸೇರಿಸಿ. ಅತಿ ತಣ್ಣಗಿನ ವೈನಿನಲ್ಲಿ ಕಂಪು ಅಡಗಿ ಒಗರು ಮುಂದೆ ಬರುತ್ತದೆ, ಬೆಚ್ಚಗಾದರೆ ಆಲ್ಕೋಹಾಲ್ ಎದ್ದು ಕಾಣುತ್ತದೆ. ಆ ವಿವರ ಗೊತ್ತಿದ್ದರೆ ಓದುವವರು ನಿಮ್ಮ ಮಾತನ್ನು ಸರಿಯಾಗಿ ತೂಗಬಲ್ಲರು. ಬಾಟಲಿಯಲ್ಲಿ ಒದ್ದೆ ರಟ್ಟಿನ ವಾಸನೆಯಿದ್ದರೆ ಅಂಕ ಕೊಡದೆ ದೋಷವನ್ನಷ್ಟೇ ನಮೂದಿಸಿ, ಸಾಧ್ಯವಾದರೆ ಅದೇ ವೈನಿನ ಇನ್ನೊಂದು ಬಾಟಲಿಯನ್ನು ತೆರೆದ ಮೇಲೆ ವಿಮರ್ಶೆ ಬರೆಯಿರಿ.